ಒಗೆಯದ ದುಪಟ್ಟಾ

ಟೋಕಿಯೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಒಗ್ಗರಣೆಗೆ ಇಂಗು ಹಾಕಿದ ಕೂಡಲೇ ಪಕ್ಕದ ಮನೆಯ ಹಯಾಶಿ-ಸಾನ್ ಸದ್ದಿಲ್ಲದೆ ಕಿಟಕಿ ಮುಚ್ಚುತ್ತಿದ್ದರು. ಅಂಥವರು ಒಂದು ಬೆಳಿಗ್ಗೆ ಬಾಗಿಲಿಗೆ ಬಂದರು. ಸೆಂಡಾಯ್‌ನಲ್ಲಿ ತಂಗಿಗೆ ಆಪರೇಷನ್ ಇದೆ, ಹೋಗಿ ಬರುವವರೆಗೆ ಮೊಮೊವನ್ನು ನೋಡಿಕೊಳ್ಳುತ್ತೀರಾ ಅಂತ ಕೇಳಿದರು. ಮೊಮೊ ಅಂದರೆ ಅವರು ಸಾಕಿದ ಹೆಡ್ಜ್‌ಹಾಗ್. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಪ್ರಾಣಿ, ಬೆನ್ನ ತುಂಬ ಮುಳ್ಳು.

"ನೀವು ಹಾಕಿಕೊಂಡ ಬಟ್ಟೆ ಒಂದನ್ನು ಗೂಡಿನಲ್ಲಿಡಿ. ಅದಕ್ಕೆ ಕಣ್ಣು ಮಂದ, ವಾಸನೆಯಿಂದಲೇ ಜನರ ಗುರುತು," ಎಂದರು. "ದಯವಿಟ್ಟು ಒಗೆಯಬೇಡಿ."

ಮೈಮೇಲೆ ಹಾಕಿ ಬಿಟ್ಟ ಬಟ್ಟೆಯನ್ನು ಮನೆಗೆ ಬಂದ ಅತಿಥಿಗೆ ಹಾಸುವುದೇ? ನಮ್ಮಮ್ಮನಿಗೆ ಗೊತ್ತಾದರೆ ಉಗಿಯುತ್ತಿದ್ದರು. ಒಗೆದು ಇಸ್ತ್ರಿ ಮಾಡಿದ ದುಪಟ್ಟಾ ಹಾಸಿದೆ. ಮೊಮೊ ಮುಳ್ಳಿನ ಉಂಡೆಯಾಗಿ ಮೂಲೆ ಸೇರಿತು. ಮಾರನೆಯ ದಿನವೂ ಊಟ ಮುಟ್ಟಲಿಲ್ಲ. ಅಷ್ಟು ಪುಟ್ಟ ಹೊಟ್ಟೆ ಎಷ್ಟು ತಡೆದೀತು? ಸಾರು ಕುದಿಯುತ್ತಿತ್ತು, ನನಗೆ ಅಳು ಬರುತ್ತಿತ್ತು. ಬೇರೆ ದಾರಿ ಕಾಣದೆ, ಹೆಗಲ ಮೇಲಿದ್ದ, ಕೈ ಒರೆಸಿ ಒರೆಸಿ ಇಂಗು ನಾರುತ್ತಿದ್ದ ಹಳೆ ದುಪಟ್ಟಾವನ್ನೇ ತೆಗೆದು ಗೂಡಿಗೆ ಇಳಿಸಿದೆ.

ಮೊದಲು ಮೂಗು ಹೊರಬಂತು. ಆಮೇಲೆ ಮುಳ್ಳುಗಳು ಮೆಲ್ಲಗೆ ಮಲಗಿದವು. ಅದು ಮಡಿಕೆಯೊಳಗೆ ನುಗ್ಗಿ, ನಿಟ್ಟುಸಿರಿನಂಥದ್ದೊಂದು ಬಿಟ್ಟು ನಿದ್ದೆಹೋಯಿತು. ಸಂಜೆ ಬಟ್ಟಲು ಖಾಲಿ.

ತಂಗಿ ಹುಷಾರಾದ ಮೇಲೆ ಹಯಾಶಿ-ಸಾನ್ ವಾಪಸ್ ಬಂದರು. ನಾನು ದುಪಟ್ಟಾ ಎಳೆದರೆ ಮೊಮೊ ಬಿಡಲಿಲ್ಲ. "ಸುಮಿಮಾಸೆನ್, ಕ್ಷಮಿಸಿ, ಇದನ್ನೂ ಒಯ್ಯಲೇ?" ಅಂದರು.

ಈಗ ಒಗ್ಗರಣೆಯ ಹೊತ್ತಿಗೆ ಅವರ ಕಿಟಕಿ ತೆರೆದಿರುತ್ತದೆ. ಮೊಮೊಗೆ ಆ ವಾಸನೆ ಇಷ್ಟವಂತೆ. ನಿನ್ನೆ ಒಂದು ಬಟ್ಟಲು ಸಾರನ್ನೂ ಕೇಳಿ ಇಸಿದುಕೊಂಡರು. ಅದು ಯಾರಿಗೆಂದು ನಾನು ಕೇಳಲಿಲ್ಲ.