ದ್ರಾಕ್ಷಿತೋಟದ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಬೀಸ್ಟನ್ನಿನಲ್ಲಿ, ನಮ್ಮ ಮನೆಯ ರಸ್ತೆಯಲ್ಲೇ ಕಾರೊಂದು ತಗುಲಿ ಬಿದ್ದ ಮೇಲೆ ಎರಡು ವರ್ಷ ನಾನು ಸೈಕಲ್ ಮುಟ್ಟಿರಲಿಲ್ಲ. ನನ್ನ ಆಸ್ಪತ್ರೆಯ ಡ್ಯೂಟಿ ಪಟ್ಟಿಯಲ್ಲಿ ಒಂದು ವಾರ ಬಿಡುವು ಸಿಕ್ಕಿದ್ದೇ ತಡ, ಗಂಡ ಮೋಹನ ದಕ್ಷಿಣ ಫ್ರಾನ್ಸಿಗೆ ಕರೆತಂದ. ಇಲ್ಲಿನ ಹಳ್ಳಿರಸ್ತೆಗಳಲ್ಲಿ ವಾಹನಗಳೇ ಇರುವುದಿಲ್ಲ ಎಂದು ಅವನ ಭರವಸೆ. ಬೆಳಿಗ್ಗೆಯಿಂದ ಅದು ನಿಜವೂ ಆಗಿತ್ತು. ಎರಡೂ ಕಡೆ ದ್ರಾಕ್ಷಿತೋಟ, ನಡುವೆ ನಮ್ಮ ಸೈಕಲ್ ಚೈನುಗಳ ಸದ್ದು ಮಾತ್ರ.

ಆಗ ತಿರುವಿನಲ್ಲಿ ಟ್ರ್ಯಾಕ್ಟರ್ ಬಂತು. ಸೈಕಲ್‌ನಿಂದ ಕೆಳಗಿಳಿದು ರಸ್ತೆ ಬದಿಯ ಹುಲ್ಲಿನಲ್ಲಿ ನಿಂತುಬಿಟ್ಟೆ.

"ಟೈಮ್ ತಗೋ, ಅದು ಹೋಗ್ಲಿ," ಎಂದ ಮೋಹನ.

ಅದು ಹೋಗಲಿಲ್ಲ. ಓಡಿಸುತ್ತಿದ್ದ ಮುದುಕಿ ನನ್ನ ಮುಖ ನೋಡಿದವಳೇ ಟ್ರ್ಯಾಕ್ಟರನ್ನು ಪಕ್ಕದ ತೋಟಕ್ಕೆ ಇಳಿಸಿ ಎಂಜಿನ್ ಆರಿಸಿದಳು. ಸ್ಟೀರಿಂಗಿನಿಂದ ಎರಡೂ ಕೈ ಎತ್ತಿ ತೋರಿಸಿ, ನೀನು ಮೊದಲು ಹೋಗು ಎಂದು ಸನ್ನೆ ಮಾಡಿದಳು. ಇಷ್ಟು ಪುರುಸೊತ್ತಿನಿಂದ ನನಗೆ ಯಾರೂ ದಾರಿ ಬಿಟ್ಟಿರಲಿಲ್ಲ.

ಮತ್ತೆ ಸೈಕಲ್ ಹತ್ತಿದೆ. ದಾಟುವಾಗ "ಮೆರ್ಸಿ" ಎಂದು ಅವರ ಭಾಷೆಯಲ್ಲೇ ಥ್ಯಾಂಕ್ಸ್ ಹೇಳಿದೆ. ಅವಳು ಏನೋ ಹೇಳಿ ನಕ್ಕಳು. ನಾನು ಏರು ಹತ್ತಿ ಮುಗಿಸುವವರೆಗೂ ಎಂಜಿನ್ ಶುರುವಾದ ಸದ್ದು ಕೇಳಲಿಲ್ಲ.

ಹಿಂದಿನಿಂದ ಮೋಹನ ಕೂಗಿದ, "ಸುಸ್ತಾಯ್ತಾ? ವಾಪಸ್ ಹೋಗೋಣ್ವಾ?"

"ಬೇಡ, ಇಳಿಜಾರು ಬಂತು ನೋಡು," ಎಂದು ಬ್ರೇಕಿನಿಂದ ಬೆರಳು ತೆಗೆದೆ.