ಮುಳಗುಂದ ಸಾರ್ ಹಾಕಿದ ಸಹಿ

ನಕ್ಷೆ ಕೈಗೆ ಬಂತೆಂದರೆ ಮುಳಗುಂದ ಸಾರ್ ಅದರೊಳಗೆ ನಡೆಯತೊಡಗುತ್ತಿದ್ದರು. ಬಲಗೈಯ ತೋರುಬೆರಳು, ನಡುಬೆರಳೇ ಎರಡು ಕಾಲು. ಕಾಗದದ ಮುಂಬಾಗಿಲಲ್ಲಿ ಒಳಹೊಕ್ಕು, ಕಾರಿಡಾರ್ ದಾಟಿ, ಮೆಟ್ಟಿಲು ಹತ್ತಿ ಇಳಿದು ಹೊರಬರುವ ತನಕ ಯಾರು ಕರೆದರೂ ಓಗೊಡುತ್ತಿರಲಿಲ್ಲ. "ತಡೀರಿ, ಪೇಶಂಟ್ ಇನ್ನಾ ಒಳಗ ಅದಾನ," ಎನ್ನುತ್ತಿದ್ದರು.

ಅದು ಎಂಬತ್ತರ ದಶಕದ ಕೊನೆ. ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ ಖಾಸಗಿ ಆಸ್ಪತ್ರೆಯೊಂದು ಏಳುತ್ತಿತ್ತು. ನಾನು ಮಂಡ್ಯದಿಂದ ಹೋದ ಹೊಸ ಸೈಟ್ ಎಂಜಿನಿಯರ್, ಕಂಟ್ರಾಕ್ಟರ್ ಕಡೆಯವನು. ಸಾರ್ ಗದಗಿನವರು, ಕಟ್ಟಡದ ವಿನ್ಯಾಸ ಮಾಡಿದ ಕಚೇರಿಯ ಪರವಾಗಿ ಸೈಟಿನಲ್ಲಿ ಕೂರುವವರು. ಮುನಿಸಿಪಾಲಿಟಿ ಮಂಜೂರು ಮಾಡಿದ ನಕ್ಷೆಯಿಂದ ಒಂದು ಕಿಟಕಿ ಸರಿಯಬೇಕಾದರೂ ಅದನ್ನು ಬರೆದು, ಲೆಕ್ಕ ಹಾಕಿಸಿ, ಅವರ ಸಹಿ ಪಡೆಯಬೇಕಿತ್ತು. "ಬಾಯಿಮಾತಿಗೆ ಕಾಂಕ್ರೀಟ್ ಹಾಕಬ್ಯಾಡೋ ತಮ್ಮಾ," ಎಂದು ನನಗೆ ಹೇಳುತ್ತಲೇ ಇರುತ್ತಿದ್ದರು. ತೆಲುಗಿನಲ್ಲಿ 'ಕುದರದು' ಎಂದರೆ 'ಆಗುವುದಿಲ್ಲ' ಎಂದರ್ಥ. ಮೇಸ್ತ್ರಿಗಳು ಬೆನ್ನ ಹಿಂದೆ ಅವರನ್ನು 'ಕುದರದುಗಾರು' ಎಂದೇ ಕರೆಯುತ್ತಿದ್ದರು.

ಆದರೆ ಬೇಕಾದ ಬದಲಾವಣೆಯನ್ನು ಅವರೇ ಹುಡುಕಿಕೊಂಡು ಬರುತ್ತಿದ್ದರು. ಒಮ್ಮೆ ನಕ್ಷೆಯಲ್ಲಿ ನಡೆಯುತ್ತಿದ್ದ ಬೆರಳುಗಳು ಬಚ್ಚಲಿನೊಳಗೆ ಹೋಗಿ ಬಾಗಿಲಿಗೆ ಅಡ್ಡವಾಗಿ ಮಲಗಿಬಿಟ್ಟವು. "ಕಾಲು ಜಾರಿ ಬಿದ್ದಾನ. ಈಗ ಬಾಗಿಲಾ ಹ್ಯಾಂಗ ದೂಡತೀ?" ಬಾಗಿಲು ಒಳಕ್ಕೆ ತೆರೆಯುವಂಥದು. ಅಂದೇ ಎಲ್ಲ ಬಚ್ಚಲ ಬಾಗಿಲೂ ಹೊರಕ್ಕೆ ತೆರೆಯುವಂತೆ ಬರೆದು ಸಹಿ ಹಾಕಿದರು. ಬಡಗಿಗಳ ಬೈಗುಳವನ್ನೂ ತಾವೇ ನಿಂತು ಕೇಳಿಸಿಕೊಂಡರು.

ಕಟ್ಟಡ ಮುಗಿಯುತ್ತ ಬಂದಾಗ ಮಾಲೀಕರಾದ ಡಾಕ್ಟರರಿಗೆ ನೆಲಮಹಡಿಯಲ್ಲಿ ಔಷಧಿ ಅಂಗಡಿ ಬೇಕೆನಿಸಿತು. ಅದಕ್ಕೆ ಹಿಂಬದಿಯ ಮೆಟ್ಟಿಲಿನ ಬಾಗಿಲು ಮುಚ್ಚಬೇಕು. ಬೆಂಕಿ ಬಿದ್ದರೆ ಮಹಡಿಗಳಿಂದ ಇಳಿಯಲು ಇದ್ದ ಎರಡನೆಯ ದಾರಿ ಅದೊಂದೇ.

"ಒಕ್ಕ ಗೋಡೇ ಕದಂಡೀ! ಒಂದೇ ಒಂದು ಗೋಡೆ," ಎಂದರು ಡಾಕ್ಟರ್.

"ನಾ ಬಂದು, ನಿಮ್ಮ ಪೇಶಂಟಿಗೆ ಎರಡು ಕಿಡ್ನಿ ಯಾಕ್ರೀ, ಒಂದು ತಗೀರಿ ಅಂದ್ರ ತಗೀತೀರೇನು?"

ಡಾಕ್ಟರ್ ನಕ್ಕರು. "ಒಂದಿದ್ದರೂ ಮನುಷ್ಯ ಬದುಕುತ್ತಾನೆ, ಮುಳಗುಂದಗಾರು."

ಅಲ್ಲಿದ್ದವರೆಲ್ಲ ನಕ್ಕರು. ಸಾರ್ ಮಾತ್ರ ಪೆನ್ನಿನ ಕ್ಯಾಪು ಮುಚ್ಚಿ ಎದ್ದುಹೋದರು. ಮುಂದಿನ ವಾರ ಅವರ ಕಚೇರಿ ಅವರನ್ನು ಹಿಂದಕ್ಕೆ ಕರೆಸಿಕೊಂಡು, 'ಹೊಂದಿಕೊಂಡು ಹೋಗುವ' ಇನ್ನೊಬ್ಬರನ್ನು ಕಳಿಸಿತು. ಗೋಡೆ ಎದ್ದಿತು. ಅಂಗಡಿಯ ಉದ್ಘಾಟನೆಯ ದಿನ ನಮಗೆಲ್ಲ ಲಡ್ಡು ಹಂಚಿದರು.

ಕೆಲವು ವರ್ಷಗಳ ಮೇಲೆ ನಾನು ವಿಶಾಖಪಟ್ಟಣಕ್ಕೆ ಬಂದೆ, ಒಬ್ಬ ಬಿಲ್ಡರನ ಅಪಾರ್ಟ್‌ಮೆಂಟ್ ಕೆಲಸಕ್ಕೆ. ಅಲ್ಲಿ ನೇವಿಯಲ್ಲಿದ್ದ ಚಿತ್ರದುರ್ಗದ ಮಲ್ಲೇಶಿ ಯುಗಾದಿಗೆ ಕನ್ನಡದವರನ್ನೆಲ್ಲ ಊಟಕ್ಕೆ ಕರೆಯುತ್ತಿದ್ದ. ಆ ಪಂಕ್ತಿಯಲ್ಲಿ ಮುಳಗುಂದ ಸಾರ್ ಕಂಡರು. ತುಂಬ ಇಳಿದುಹೋಗಿದ್ದರು. ಅವರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು, "ಆ ಕಚೇರಿಯವರು ಇವರನ್ನ ತಗದಮ್ಯಾಲೆ ಎರಡ್ ವರ್ಷ ಯಾರೂ ಕೆಲಸಾ ಕೊಡಲಿಲ್ಲಪಾ. ಇವರು ಹೋದಲ್ಲೆಲ್ಲಾ ಆ ಮೆಟ್ಟಿಲದ ಸುದ್ದಿ ಇವರಕಿಂತ ಮುಂಚೆ ಹೋಗಿರತಿತ್ತು," ಎಂದರು. ಸಾರ್ ಈಗ ಇಲ್ಲಿನ ಸಣ್ಣದೊಂದು ವಿನ್ಯಾಸದ ಕಚೇರಿಯಲ್ಲಿ ಕೂರುತ್ತಿದ್ದರು. ನಮ್ಮ ಅಪಾರ್ಟ್‌ಮೆಂಟಿನ ಬದಲಾವಣೆಗಳೂ ಆ ಕಚೇರಿಗೇ ಹೋಗಬೇಕಿತ್ತು.

ಅದೇ ಸಮಯಕ್ಕೆ ಬಿಲ್ಡರ್, ನಾಲ್ಕು ಮಹಡಿಗೆಂದು ಹಾಕಿದ ಬುನಾದಿಯ ಮೇಲೆ ಐದನೆಯದನ್ನು ಏರಿಸಲು ಹೊರಟ. ಬುನಾದಿ ತಡೆಯುತ್ತದೆಯೇ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ. ನಾನು ಬೇಡವೆಂದೆ, ಅವನು ಕೇಳಲಿಲ್ಲ. ಮುಳಗುಂದ ಸಾರ್ ಇದಕ್ಕೆ ಸಹಿ ಹಾಕುವವರಲ್ಲ ಎಂಬ ಧೈರ್ಯದಿಂದ ನಾನೇ ನಕ್ಷೆ ಹಿಡಿದು ಹೋದೆ.

ಅವರು ನಕ್ಷೆ ಪೂರ್ತಿ ಬಿಡಿಸಲೂ ಇಲ್ಲ. ಮೂಲೆಯನ್ನಷ್ಟೇ ಬಿಚ್ಚಿ ಸಹಿ ಹಾಕಿದರು.

"ಸಾರ್, ಬುನಾದಿಯ ಲೆಕ್ಕ ಆಗಿಲ್ಲ."

"ಗೊತ್ತದ."

"ನೀವು ತಡೀತೀರಾ ಅಂತಲೇ ನಾನು ಬಂದೆ ಸಾರ್."

"ನಾ ಹಾಕಲಿಲ್ಲಂದ್ರ ನಾಳೆ ಇನ್ನೊಬ್ಬ ಹಾಕತಾನ. ಆ ಗೋಡಿ ನಿಂತಿಲ್ಲೇನು? ಮಗಳ ಲಗ್ನ ಅದನೋ ತಮ್ಮಾ, ಈ ವಯಸ್ಸಿನ್ಯಾಗ ಮತ್ತ ಯಾರ ಬಾಗಲಿಗೆ ಹೋಗಿ ನಿಂದರಲಿ?"

ನಾನು ನಕ್ಷೆ ಸುತ್ತಿಕೊಂಡು ಬಾಗಿಲ ತನಕ ಬಂದಿದ್ದೆ.

"ಅಲ್ಲೆ ನೀ ಏನರ ಫ್ಲ್ಯಾಟ್ ಹಿಡದೀಯೇನು?" ಎಂದು ಹಿಂದಿನಿಂದ ಕೇಳಿದರು.

"ಇಲ್ಲ ಸಾರ್. ಮಲ್ಲೇಶಿ ಬುಕ್ ಮಾಡಿದ್ದಾನೆ."

ಸಾರ್ ಕಿಟಕಿಯ ಕಡೆ ಮುಖ ತಿರುಗಿಸಿ, "ಅವಂಗ ಬ್ಯಾಡಂತ ಹೇಳು," ಎಂದರು. "ನಾ ಅಂದೆ ಅನಬ್ಯಾಡ."

ಅದು ನಾವು ಆಡಿದ ಕೊನೆಯ ಮಾತು. ನಾನು ಆ ಕೆಲಸ ಬಿಟ್ಟೆ. ಮಲ್ಲೇಶಿ ನನ್ನ ಮಾತಿಗೆ ಬುಕಿಂಗ್ ರದ್ದು ಮಾಡಿದ. ಆ ಮನೆಗೆ ಬೇರೆ ಸಂಸಾರ ಬಂತು. ಕಟ್ಟಡ ಬೀಳಲಿಲ್ಲ. ಅದರ ಬುನಾದಿಯಲ್ಲಿ ಎಷ್ಟು ಕಸುವಿದೆಯೋ ಇವತ್ತಿಗೂ ಯಾರಿಗೂ ತಿಳಿಯದು.

ಮರುವರ್ಷ ಸಾರ್ ತೀರಿಕೊಂಡರು. ಮಣ್ಣು ಮುಗಿಸಿ ಬಸ್ಸಿನಲ್ಲಿ ಮರಳುವಾಗ ಮಲ್ಲೇಶಿ ಪಕ್ಕದಲ್ಲಿ ಕೂತಿದ್ದ.

"ಎಂಥಾ ಖಡಕ್ ಮನುಷ್ಯ ಕಣೋ," ಎಂದ. "ಅಂಥವರೇ ಸಹಿ ಹಾಕಿದ ಮನೆ ಅದು. ನೀನು ಯಾಕೋ ಅದನ್ನ ನನ್ನ ಕೈಯಿಂದ ಬಿಡಿಸಿದೆ?"

"ಆ ಬಿಲ್ಡರನನ್ನು ನಂಬುವ ಹಾಗಿರಲಿಲ್ಲ ಕಣೋ," ಎಂದೆ.