ಯೊಂದೊನ್ ಹೇಳಿದ ಎಂಜಿನ್

ಉಲಾನ್‌ಬಾಟರಿನ ಹಳೇ ಕಾರುಗಳ ಸಂತೆಯಲ್ಲಿ ಯೊಂದೊನ್‌ಗೆ ಅಂಗಡಿ ಇರಲಿಲ್ಲ, ಬೋರ್ಡು ಇರಲಿಲ್ಲ, ಮಾರುವುದಕ್ಕೆ ಒಂದು ನಟ್ಟೂ ಇರಲಿಲ್ಲ. ಗೇಟಿನ ಪಕ್ಕ ಸವೆದ ಟೈರೊಂದರ ಮೇಲೆ ಕುರಿಚರ್ಮ ಹಾಸಿಕೊಂಡು ಕೂರುತ್ತಿದ್ದ, ಅಷ್ಟೇ. ಜಪಾನಿನಲ್ಲಿ ಹಡಗು ಹತ್ತಿ, ಆಮೇಲೆ ರೈಲು ಹತ್ತಿ ಬಂದ ಗಾಡಿಗಳು ಅಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತಾಯಿಯ ಮಕ್ಕಳು. ಒಳಗೆ ಯಾವ ಎಂಜಿನ್ ಇದೆಯೆಂಬುದು ಎಷ್ಟೋ ಸಲ ಮಾರುವವನಿಗೇ ಗೊತ್ತಿರುತ್ತಿರಲಿಲ್ಲ, ಗೊತ್ತಿದ್ದವನು ಹೇಳುತ್ತಿರಲಿಲ್ಲ. ಆಗ ಜನ ಯೊಂದೊನ್‌ನನ್ನು ಕರೆಯುತ್ತಿದ್ದರು. ಅವನು ಬಂದು, ಗಾಡಿ ಶುರು ಮಾಡಿಸಿ, ತಲೆ ವಾಲಿಸಿ ಒಂದಿಷ್ಟು ಹೊತ್ತು ಕೇಳಿ, ಎಂಜಿನ್ನಿನ ಹೆಸರು ಹೇಳುತ್ತಿದ್ದ. ಹೇಳಿದ ಮೇಲೆ ಮುಗಿಯಿತು. ದೇವರೇ ಇಳಿದು ಬಂದು ಬೇರೆ ಎಂಜಿನ್ ಅಂದರೂ ಆ ಸಂತೆಯಲ್ಲಿ ನಡೆಯುತ್ತಿರಲಿಲ್ಲ.

ವಯಸ್ಸಿನಲ್ಲಿ ಅವನು ಸರ್ಕಾರಿ ಲಾರಿ ಡಿಪೋದಲ್ಲಿ ಚಾಲಕನಾಗಿದ್ದವನು. ಕಾಲ ಬದಲಾಗಿ ಡಿಪೋ ಮುಚ್ಚಿತು, ಲಾರಿಗಳನ್ನು ತೂಕಕ್ಕೆ ಹಾಕಿದರು. ಯೊಂದೊನ್‌ನ ಪಾಲಿಗೆ ಉಳಿದದ್ದು ಎರಡು ಕಿವಿ. ಗಾಡಿಯ ಒಳಗಡೆ ಎಂಜಿನ್ನಿನ ಹೆಸರು ಕೊರೆದ ಸಣ್ಣ ತಗಡಿನ ಪಟ್ಟಿ ಇರುತ್ತದೆ. ಅದನ್ನು ಓದಿ ಹೇಳುವವರನ್ನು ಕಂಡರೆ ಅವನು ಮೂಗು ಮುರಿಯುತ್ತಿದ್ದ. "ಓದೋಕೆ ಸ್ಕೂಲಿದೆ, ಇದು ಸಂತೆ" ಅನ್ನುತ್ತಿದ್ದ. ತನ್ನ ಮಾತನ್ನು ಅವನು ಎಂದೂ ಹಿಂದಕ್ಕೆ ತೆಗೆದುಕೊಂಡವನಲ್ಲ. ಅವನ ಹೆಂಡತಿ ಖಂದ್ ಪಕ್ಕದ ಮನೆಯವರ ಮುಂದೆ ಹೇಳುವುದಿತ್ತು: "ನಮ್ಮನೆಯವರು ಮದುವೆಯಾದಾಗಿಂದ ಒಂದೇ ಒಂದು ಸಲ ತಪ್ಪು ಒಪ್ಕೊಂಡಿರೋದು. ಅದೂ ನಂದು."

ಈಚೆಗೆ ಎಡಗಿವಿ ಮಂದವಾಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಈಗೀಗ ಕೇಳುವ ನಾಟಕ ಮುಗಿಸಿ, ಕೆಮ್ಮಿದ ಹಾಗೆ ಮಾಡಿ ಬಗ್ಗಿ, ಆ ಪಟ್ಟಿಯ ಮೇಲೆ ಒಂದು ಕಣ್ಣು ಹಾಯಿಸುತ್ತಿದ್ದ. ಮೊದಲಿಗಿಂತ ಹೆಚ್ಚು ಸಲ ಸರಿ ಹೇಳುತ್ತಿದ್ದನೆಂದು ಬೇರೆ ಹೇಳಬೇಕಿಲ್ಲ.

ಹೀಗಿರುವಾಗ ಶರತ್ಕಾಲದ ಒಂದು ಬೆಳಗ್ಗೆ ಗೊಂಬೊ ತನ್ನ ವ್ಯಾನು ಮಾರಲು ಬಂದ. ಗೊಂಬೊ ದಕ್ಷಿಣದ ಬಯಲಿನವನು, ಕುರಿ ಕುದುರೆ ಸಾಕಿದವನು. ಸೈನ್ಯದಲ್ಲಿ ಯೊಂದೊನ್ ಜೊತೆ ಒಂದೇ ಲಾರಿಯಲ್ಲಿ ಸರದಿಯ ಮೇಲೆ ಸ್ಟೀರಿಂಗ್ ಹಿಡಿದಿದ್ದ. ಅಂದಿನಿಂದ ಇಬ್ಬರದೂ ಬಿಟ್ಟಿರಲಾರದ ಸ್ನೇಹ. ಈಗ ಅವನ ಕಣ್ಣು ಮಂಜಾಗಿತ್ತು. ಇನ್ನು ಸ್ಟೀರಿಂಗ್ ಮುಟ್ಟಕೂಡದೆಂದು ಮಗಳು ಕಟ್ಟಪ್ಪಣೆ ಮಾಡಿದ್ದಳು. ಆ ವ್ಯಾನನ್ನು ಹತ್ತು ಹನ್ನೆರಡು ವರ್ಷದ ಹಿಂದೆ ಇದೇ ಸಂತೆಯಲ್ಲಿ ಅವನಿಗೆ ಕೊಡಿಸಿದ್ದು ಯೊಂದೊನ್.

ಆ ದಿನದ ಕಥೆಯನ್ನು ಸಂತೆಯಲ್ಲಿ ಕೇಳದವರಿಲ್ಲ. ಕೈ ಹೊರಗೆ ತೆಗೆದರೆ ಮರಗಟ್ಟುವ ಚಳಿ. ಯೊಂದೊನ್ ಕೈಗಳನ್ನು ತೋಳಿನೊಳಗೆ ಸೇರಿಸಿಕೊಂಡು, ಎಂಜಿನ್ನನ್ನು ಮುಚ್ಚಿದ್ದ ಸೀಟನ್ನು ಎತ್ತಿ ನೋಡದೆ, ಬರೀ ಸದ್ದು ಕೇಳಿ "ಚೈನು" ಎಂದಿದ್ದ. ಆ ಮಾದರಿಯ ವ್ಯಾನಿಗೆ ಎರಡು ಬಗೆಯ ಎಂಜಿನ್ ಬರುತ್ತಿತ್ತು. ಎಂಜಿನ್ನಿನ ಮೇಲಿನ ಭಾಗವನ್ನು ಕೆಳಗಿನದರ ತಾಳಕ್ಕೆ ತಿರುಗಿಸುವುದು ಒಂದರಲ್ಲಿ ಚೈನು, ಇನ್ನೊಂದರಲ್ಲಿ ರಬ್ಬರಿನ ಬೆಲ್ಟು. ಚೈನು ಗಾಡಿ ಇರುವವರೆಗೂ ಇರುತ್ತದೆ. ಬೆಲ್ಟನ್ನು ಕಾಲಕಾಲಕ್ಕೆ ಬದಲಾಯಿಸದಿದ್ದರೆ ಒಂದು ದಿನ ಹೇಳದೆ ಕೇಳದೆ ಹರಿದು ಎಂಜಿನ್ನಿನ ಒಳಗೆ ಇದ್ದಬದ್ದದ್ದನ್ನೆಲ್ಲ ಜಜ್ಜಿ ಹಾಕುತ್ತದೆ. ಒಂದು ಗುಡಾರದಿಂದ ಇನ್ನೊಂದಕ್ಕೆ ಅರ್ಧ ದಿನದ ದಾರಿಯಿರುವ ಕಡೆ, ಚಳಿಗಾಲದಲ್ಲಿ, ಅದು ಹರಿದರೆ ಗಾಡಿಯ ಮಾತು ಹಾಗಿರಲಿ, ಮನುಷ್ಯ ಉಳಿಯುವುದೇ ಕಷ್ಟ.

ಈಗ ಅದನ್ನು ಕೊಳ್ಳಲು ಬಂದವಳು ದುಲ್ಮಾ. ಹಳ್ಳಿಗಾಡಿನಿಂದ ಕೆನೆ, ಒಣಮೊಸರು ತಂದು ನಗರದಲ್ಲಿ ಮಾರುವ ಹೆಂಗಸು. ವ್ಯಾಪಾರದ ಮಾತಿನಲ್ಲಿ ಅವಳದು ಎತ್ತಿದ ಕೈ.

"ಚೈನಾದ್ರೆ ತಗೋತೀನಿ, ಬೆಲ್ಟಾದ್ರೆ ಯೋಚಿಸ್ತೀನಿ. ಯೊಂದೊನ್ ಅಣ್ಣ, ನೀವು ಹೇಳಿ" ಎಂದಳು.

"ಹೇಳೋದೇನು ತಂಗಿ, ಈ ಗಾಡಿ ಆರಿಸಿದ್ದೇ ನಾನು. ಚೈನು" ಎಂದ ಯೊಂದೊನ್.

"ಆವಾಗ ಕೇಳಿದ್ದು ಆಯ್ತು. ಈಗ ಒಂಚೂರು ನೋಡಿ ಹೇಳಿ."

ಗೊಂಬೊ ನಡುವೆ ಬಾಯಿ ಹಾಕಿದ. "ನೋಡೋದೇನಿದೆ? ಸೀಟಿನ ಬೋಲ್ಟು ಜಂಗು ಹಿಡಿದಿದೆ. ತೆಗೆಯೋಕಾಗಲ್ಲ."

ಪಕ್ಕದಲ್ಲಿ ಟೈರು ಮಾರುವ ಖುರ್ಲೆಗೆ ಬೇರೇನೂ ಕೆಲಸವಿರಲಿಲ್ಲ. ಅವನು ಸ್ಪ್ಯಾನರು ತಂದು ಒಂದೇ ತಿರುವಿಗೆ ಬೋಲ್ಟು ಬಿಚ್ಚಿ ಸೀಟನ್ನು ಎತ್ತಿ ನಿಲ್ಲಿಸಿದ. ಜಂಗು ಎಲ್ಲಿಯೂ ಇರಲಿಲ್ಲ. ನಾಲ್ಕಾರು ಜನ ಸೇರಿದರು. ಯೊಂದೊನ್ ವಾಡಿಕೆಯಂತೆ ತಲೆ ವಾಲಿಸಿದ, ವಾಡಿಕೆಯಂತೆ ಕೆಮ್ಮಿದ, ಬಗ್ಗಿದ. ತಗಡಿನ ಪಟ್ಟಿ ಇರಬೇಕಾದ ಜಾಗದಲ್ಲಿ ಪಟ್ಟಿ ಇರಲಿಲ್ಲ. ಮೂಲೆಗೊಂದರಂತೆ ತೂತುಗಳಿದ್ದವು, ನಡುವೆ ಧೂಳು ತಾಗದ ಒಂದು ಚೌಕ ಹೊಳೆಯುತ್ತಿತ್ತು. ಯಾರೋ ಈಚೆಗಷ್ಟೇ ಕಿತ್ತಿದ್ದರು.

ಅವನು ಟಾರ್ಚು ಇಸಿದುಕೊಂಡು ಎಂಜಿನ್ನಿನ ಮುಂಭಾಗ ನೋಡಿದ. ಚೈನಾದರೆ ಅಲ್ಲಿ ಎರಕದ ದಪ್ಪ ಮುಚ್ಚಳ ಇರಬೇಕು. ಇದ್ದದ್ದು ಕರೀ ಪ್ಲಾಸ್ಟಿಕ್ಕಿನದು. ಬೆಲ್ಟು. ಕಣ್ಣಿದ್ದ ಯಾರು ಬೇಕಾದರೂ ಹೇಳಬಹುದಿತ್ತು.

ಯೊಂದೊನ್ ಬಗ್ಗಿದವನು ಬಗ್ಗಿಯೇ ಇದ್ದ. ಮೇಲೇಳುವುದರೊಳಗೆ ಅವನ ತಲೆಯಲ್ಲಿ ಲೆಕ್ಕಾಚಾರ ಮುಗಿದಿತ್ತು. ಚೈನು ಅಂದದ್ದು ತಾನು. ಈಗ ಬೆಲ್ಟು ಇದೆ. ಪಟ್ಟಿ ಕಿತ್ತಿದ್ದಾರೆ. ತಾನು ತಪ್ಪಿರುವ ಸಾಧ್ಯತೆ ಇಲ್ಲದ್ದರಿಂದ ಉಳಿದದ್ದು ಒಂದೇ.

"ಎಂಜಿನ್ ಬದಲಾಗಿದೆ" ಎಂದ.

ಎಲ್ಲರೂ ಗೊಂಬೊ ಕಡೆ ತಿರುಗಿದರು. ಗೊಂಬೊ ತನ್ನ ಬೂಟಿನ ತುದಿಯನ್ನು ನೋಡುತ್ತ, "ಆಗಿರಬಹುದು" ಎಂದ.

"ಆಗಿರಬಹುದು ಅಂದ್ರೆ? ಅದೇನು ಹವಾಮಾನವಾ?" ದುಲ್ಮಾ ಕೇಳಿದಳು.

"ಪಟ್ಟಿ ಕಿತ್ತಿದಾನೆ ಅಂದ್ಮೇಲೆ ಕದ್ದ ಎಂಜಿನ್ನೇ" ಎಂದು ಖುರ್ಲೆ ತೀರ್ಪು ಕೊಟ್ಟ.

ಯೊಂದೊನ್ ಸ್ನೇಹಿತನ ತೋಳು ಹಿಡಿದು ಚಹಾದ ಅಂಗಡಿಯೊಳಗೆ ಎಳೆದುಕೊಂಡು ಹೋದ. ಎರಡು ಬಟ್ಟಲು ಉಪ್ಪುಚಹಾ ಬಂತು. ಒಂದು ತಟ್ಟೆ ಖುಶೂರ್ ಬಂತು. ಮಾಂಸ ತುಂಬಿ ಕರಿದ ಆ ತಿಂಡಿಯನ್ನು ಗೊಂಬೊ ನಿಧಾನವಾಗಿ ಮುರಿದು ಆರಿಸತೊಡಗಿದ.

"ಯಾಕೋ ಬದಲಾಯ್ಸಿದೆ? ನಾನು ಆರಿಸಿದ ಎಂಜಿನ್ನಿಗೆ ಏನು ಬಂದಿತ್ತು?" ಯೊಂದೊನ್‌ಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಗೊಂಬೊ ನಿಲುವಂಗಿಯ ಎದೆಯೊಳಗೆ ಕೈ ಹಾಕಿ ನೀಲಿ ರೇಷ್ಮೆಯ ಬಟ್ಟೆಯೊಂದನ್ನು ತೆಗೆದ. ಬಿಚ್ಚಿದರೆ ಒಳಗೆ ಆ ತಗಡಿನ ಪಟ್ಟಿ.

"ಇದೇನಿದು?"

"ಕುದುರೆ ಮಾರುವಾಗ ಜೂಲಿನ ನಾಲ್ಕು ಕೂದಲು ಇಟ್ಕೊಳ್ಳಲ್ವಾ, ಅದೃಷ್ಟ ಜೊತೇಲಿ ಹೋಗದಿರ್ಲಿ ಅಂತ. ಇದೂ ಹಾಗೇ. ಗಾಡಿ ಚೆನ್ನಾಗಿ ನಡೆಸ್ಕೊಂಡ್ತು ನನ್ನ."

ಅದರಲ್ಲಿ ಯೊಂದೊನ್‌ಗೆ ವಿಚಿತ್ರವೇನೂ ಕಾಣಲಿಲ್ಲ. ಅವನೂ ಕುದುರೆ ಮಾರಿದವನೇ. ಅವನು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದ. ಜಪಾನಿನಲ್ಲಿ ಗಾಡಿ ಹುಟ್ಟಿದ ದಿನವೇ ಕೊರೆದ ಅಕ್ಷರಗಳು. ಎಂಜಿನ್ನಿನ ಹೆಸರಿತ್ತು. ಅದು ಬೆಲ್ಟಿನದು.

"ನಿಂಗೆ ಗೊತ್ತಿತ್ತಾ?"

"ಎರಡ್ನೇ ಚಳಿಗಾಲದಲ್ಲೇ ಗೊತ್ತಾಯ್ತು. ಕಣಿವೆ ಹತ್ರ ಬೆಲ್ಟು ಹರೀತು. ಒಳಗೆಲ್ಲ ಪುಡಿಪುಡಿ, ಆಮೇಲೆ ಅದೇ ಎಂಜಿನ್ನನ್ನ ರಿಪೇರಿ ಮಾಡಿಸ್ದೆ. ಕುದುರೆಯವರು ಯಾರೋ ಸಿಕ್ಕಿದ್ರು, ಅವರ ಗುಡಾರದಲ್ಲಿದ್ದೆ. ಚಳಿಗೆ ಮರಗಟ್ಟಿ ಕಾಲಿಂದು ಒಂದು ಬೆರಳು ಹೋಯ್ತು."

"ಆ ಬೆರಳು ಕುರಿ ತುಳಿದು ಹೋಯ್ತು ಅಂದಿದ್ದೆ."

"ಅಂದಿದ್ದೆ."

"ನಿಜ ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ಅದು ಚೈನೇ ಅಂತಿದ್ದೆ ನೀನು."

ಯೊಂದೊನ್ ಯೋಚಿಸಿ ನೋಡಿದ. ಅನ್ನುತ್ತಿದ್ದ. ಅದರಲ್ಲಿ ಸಂಶಯವಿರಲಿಲ್ಲ. ಹರಿದ ಬೆಲ್ಟನ್ನು ತಂದು ಮುಂದೆ ಇಟ್ಟಿದ್ದರೂ ಅನ್ನುತ್ತಿದ್ದ.

ಗೊಂಬೊ ಪಟ್ಟಿಯನ್ನು ಮತ್ತೆ ಸುತ್ತಿ ಎದೆಯೊಳಗೆ ಸೇರಿಸಿದ. "ಈಗ ಸುಮ್ನಿರು. ನಾನು ನಾಳೆ ಊರಿಗೆ ಹೋಗೋನು, ಇಲ್ಲಿ ಕಳ್ಳ ಅನ್ನಿಸ್ಕೊಂಡ್ರೆ ನಂಗೇನು? ಇಲ್ಲಿ ಕೂತು ಅನ್ನ ಹುಟ್ಟಿಸ್ಕೋಬೇಕಾದೋನು ನೀನು. ಗಾಡಿ ಊರಿನ ಕಡೆ ಯಾರಾದ್ರೂ ತಗೋತಾರೆ."

ಮಾತು ನ್ಯಾಯವಾಗಿಯೇ ಇದೆಯೆಂದು ಯೊಂದೊನ್‌ಗೆ ಅನಿಸಿತು. ಇನ್ನೊಂದು ಖುಶೂರ್ ತಿಂದ. ಆಗಲೂ ನ್ಯಾಯವಾಗಿಯೇ ಇತ್ತು. ಒಪ್ಪಿಕೊಂಡವನಂತೆ ತಲೆಯಾಡಿಸಿದ. ಇಬ್ಬರೂ ಹೊರಗೆ ಬಂದರು.

ವ್ಯಾನಿನ ಬಳಿ ಜನ ಇನ್ನೂ ಇದ್ದರು. ಗೊಂಬೊ ಏನೂ ಆಗಿಲ್ಲವೆಂಬಂತೆ ತನ್ನ ನಶ್ಯದ ಕುಪ್ಪಿಯನ್ನು ಬಲಗೈಯಲ್ಲಿ ಹಿಡಿದು ಖುರ್ಲೆಯ ಮುಂದೆ ಚಾಚಿದ. ಹಾಗೆ ಚಾಚಿದ ಕುಪ್ಪಿಯನ್ನು ಶತ್ರುವಾದರೂ ತೆಗೆದುಕೊಂಡು ಮೂಸಿ ಹಿಂದಕ್ಕೆ ಕೊಡುತ್ತಾನೆ. ಖುರ್ಲೆ ಕೈಗಳನ್ನು ಜೇಬಿಗೆ ಸೇರಿಸಿ ಬೇರೆ ಕಡೆ ನೋಡಿದ. ಗೊಂಬೊ ಚಾಚಿದ ಕೈ ಹಾಗೆಯೇ ಇತ್ತು. ಕಣ್ಣು ಮಂಜಾದ್ದರಿಂದ, ಖುರ್ಲೆ ಇನ್ನೂ ತೆಗೆದುಕೊಳ್ಳುತ್ತಿದ್ದಾನೆಂದೇ ಅವನು ಕಾಯುತ್ತಿದ್ದ.

ಅದನ್ನು ನೋಡಿ ಯೊಂದೊನ್‌ಗೆ ತಡೆಯಲಾಗಲಿಲ್ಲ.

"ಎಂಜಿನ್ ಬದಲಾಗಿಲ್ಲ. ಅದು ಮೊದಲಿಂದ್ಲೂ ಬೆಲ್ಟೇ. ಆವತ್ತು ನಾನು ಹೇಳಿದ್ದು ತಪ್ಪು" ಎಂದ.

ಖುರ್ಲೆ ನಕ್ಕ. "ಹೋಗ್ಲಿ ಬಿಡಿ ಅಣ್ಣ. ಸ್ನೇಹಿತ ಅಂತ ಇಷ್ಟು ದೊಡ್ಡ ಸುಳ್ಳಾ? ಯೊಂದೊನ್ ತಪ್ಪಿದ ಅಂದ್ರೆ ನಾಯೀನೂ ನಂಬಲ್ಲ."

"ನಾನೇ ಹೇಳ್ತಿದೀನಿ, ತಪ್ಪಿದೆ ಅಂತ."

"ನೀವು ತಪ್ಪೋರಲ್ಲ ಅಂತ ಇಷ್ಟು ವರ್ಷ ಹೇಳ್ತಾ ಬಂದಿದ್ದೂ ನೀವೇ" ಎಂದಳು ದುಲ್ಮಾ. "ಕದ್ದ ಎಂಜಿನ್ನನ್ನ ನನ್ನ ತಲೆಗೆ ಕಟ್ಟೋಕೆ ನೀವೂ ಸೇರ್ಕೊಂಡ್ರಲ್ಲ. ಇನ್ಮೇಲೆ ಈ ಗೇಟಿನ ಕಡೆ ಬರಲ್ಲ ನಾನು, ನಮ್ಮೋರಿಗೂ ಹೇಳ್ತೀನಿ, ಆ ಮುದುಕ ಸುಳ್ಳುಗಾರ ಅಂತ."

ಯೊಂದೊನ್ ಜೀವಮಾನದಲ್ಲಿ ಮೊದಲ ಸಲ ತನ್ನ ತಪ್ಪು ಒಪ್ಪಿಕೊಂಡರೆ, ಅದನ್ನು ತೆಗೆದುಕೊಳ್ಳುವವರೇ ಇರಲಿಲ್ಲ. ಸಾಬೀತು ಮಾಡುವ ದಾರಿ ಒಂದೇ ಇತ್ತು, ಅದು ಇನ್ನೊಬ್ಬನ ಎದೆಯೊಳಗಿತ್ತು. ಕೇಳುವ ಮುಖ ಅವನಿಗಿರಲಿಲ್ಲ.

ಗೊಂಬೊ ಕುಪ್ಪಿಯನ್ನು ಒಳಗಿಟ್ಟು ನೀಲಿ ಬಟ್ಟೆ ತೆಗೆದ. ಬಿಚ್ಚಿ, ಪಟ್ಟಿಯನ್ನು ದುಲ್ಮಾಳ ಕೈಯಲ್ಲಿಟ್ಟ.

"ಓದ್ಕೋ. ಅದೃಷ್ಟ ಜೊತೇಲಿರ್ಲಿ ಅಂತ ಕಿತ್ತಿಟ್ಕೊಂಡಿದ್ದೆ. ಇವನು ಸುಳ್ಳು ಹೇಳೋನಲ್ಲಮ್ಮ. ತಪ್ಪು ಹೇಳೋನು."

ದುಲ್ಮಾ ಓದಿದಳು. ಪಟ್ಟಿಯ ಮೇಲಿನ ನಂಬರನ್ನೂ ಗಾಡಿಯ ಚೌಕಟ್ಟಿನ ಮೇಲಿನ ನಂಬರನ್ನೂ ತಾಳೆ ನೋಡಿದಳು, ಎರಡೂ ಒಂದೇ ಇದ್ದವು. ಖುರ್ಲೆ ಅವಳ ಭುಜದ ಮೇಲಿಂದ ಬಗ್ಗಿ ನೋಡಿ, ಕಿವಿ ಕೆಂಪಗೆ ಮಾಡಿಕೊಂಡು, ತನ್ನ ನಶ್ಯದ ಕುಪ್ಪಿಯನ್ನು ತಾನೇ ಗೊಂಬೊ ಮುಂದೆ ಹಿಡಿದ. ಗೊಂಬೊ ತೆಗೆದುಕೊಂಡು ಮೂಸಿದ.

"ಬೆಲ್ಟು ಯಾವಾಗ ಬದಲಾಯ್ಸಿದ್ರಿ?" ದುಲ್ಮಾ ಕೇಳಿದಳು.

"ಈ ಬೇಸಿಗೇಲಿ. ಗೊತ್ತಾದಾಗಿಂದ ತಪ್ಪಿಸಿಲ್ಲ."

"ಹಾಗಾದ್ರೆ ತಗೋತೀನಿ. ಬೆಲ್ಟು ಅಂತ ಗೊತ್ತಿದ್ರೆ ಬದಲಾಯ್ಸ್ಕೊಂಡು ಓಡಿಸ್ಬಹುದು. ಗೊತ್ತಿಲ್ದೆ ಇದ್ರೇ ಕಷ್ಟ." ಪಟ್ಟಿಯನ್ನು ಚೀಲಕ್ಕೆ ಹಾಕಿಕೊಳ್ಳಲು ಹೋದವಳು ತಡೆದಳು. ಗಾಡಿಯ ಅದೃಷ್ಟವನ್ನೇ ಮುದುಕನ ಕೈಯಿಂದ ಕಿತ್ತುಕೊಂಡಂತಾಗಿ ಅವಳಿಗೂ ಇರಿಸುಮುರಿಸಾಯಿತು. "ಅಲ್ಲ ಅಜ್ಜ, ಅದೃಷ್ಟಕ್ಕೆ ಏನಾದ್ರೂ ಇಟ್ಕೋಬೇಕಿದ್ರೆ ಗೇರಿನ ಹಿಡಿ ಬಿಚ್ಕೋಬಹುದಿತ್ತು. ಸೀಟಿನ ಬಟ್ಟೆ ಒಂದು ಚೂರು ಕತ್ತರಿಸ್ಕೋಬಹುದಿತ್ತು. ಇದನ್ನೇ ಯಾಕೆ ಕಿತ್ರಿ?"

"ಅವುಗಳ ಮೇಲೆ ಏನೂ ಬರೆದಿಲ್ವಲ್ಲ" ಎಂದ ಗೊಂಬೊ.

ದುಲ್ಮಾಗೆ ಅರ್ಥವಾಗಲಿಲ್ಲ. ಯೊಂದೊನ್‌ಗೆ ಆಯಿತು. ತಾನು ಕೂರುವ ಸಂತೆಯಲ್ಲಿ ತನ್ನ ತಪ್ಪನ್ನು ಯಾರೂ ಓದಬಾರದೆಂದು ಇವನು ಮಂಜುಗಣ್ಣಿನಲ್ಲಿ ತಡಕಾಡಿ ಅದನ್ನು ಕಿತ್ತಿದ್ದ. ಒಂದು ಬೆರಳು ಕಳೆದುಕೊಂಡ ಮೇಲೂ ಅದನ್ನು ಹೊಟ್ಟೆಗೆ ಹಾಕಿಕೊಂಡು ಇಷ್ಟು ವರ್ಷ ಚಹಾ ಕುಡಿಯಲು ಬರುತ್ತಿದ್ದ. ಯೊಂದೊನ್‌ಗೆ ಅಳು ಬಂತು. ಕಣ್ಣಿಗೆ ಧೂಳು ಬಿತ್ತು ಎನ್ನೋಣವೆಂದರೆ ಅಂದು ಗಾಳಿಯೂ ಇರಲಿಲ್ಲ.